ಓಣಿಯವರು ಹೇಳಿದ ಒಳ್ಳೆಯ ಮಾತು

ಗಂಗಾವತಿ
೨೨ ಅಕ್ಟೋಬರ್ ೧೯೪೫

ದುರಗಮ್ಮ,

ಇದನ್ನು ಮೊದಲು ನೀನೊಬ್ಬಳೇ ಓದು. ಅವ್ವನಿಗೆ ಎಷ್ಟು ಓದಿ ಹೇಳಬೇಕು ಎನ್ನುವುದನ್ನು ನಿನಗೇ ಬಿಟ್ಟಿದ್ದೇನೆ. ಹದಿನೇಳು ವರ್ಷದವಳ ತಲೆಯ ಮೇಲೆ ಇಂಥ ಹೊರೆ ಇಡುವುದು ಸರಿಯೆಂದು ನನಗೂ ಅನ್ನಿಸುತ್ತಿಲ್ಲ. ಆದರೆ ನಿಮ್ಮ ಮನೆಯಲ್ಲಿ ಅಕ್ಷರ ಬಲ್ಲವಳು ನೀನೊಬ್ಬಳೇ.

ನಿನ್ನ ಅಣ್ಣ ಮಾರೆಪ್ಪನ ಪಿಂಚಣಿ ಅರ್ಜಿಗೆ ಉತ್ತರ ಬಂದಿದೆ. ಕೊಡಲಾಗದು ಎಂದಿದ್ದಾರೆ. ಅಸ್ಸಾಮಿನ ಕಾಡಿನಲ್ಲಿ ರಸ್ತೆ ಕಡಿಯುವಾಗ ಗುಡ್ಡದ ಕಲ್ಲು ಅವನ ತಲೆಗೆ ಬಿದ್ದದ್ದು, ಮಿಲಿಟರಿ ಆಸ್ಪತ್ರೆಯಲ್ಲೇ ಮೊದಲ ಮೂರ್ಛೆ ಬಂದದ್ದು, ಆಮೇಲೆ ಪಲ್ಟನ್ನಿನಿಂದ ಬಿಡಿಸಿ ಕಳಿಸಿದ್ದು, ಇದನ್ನೆಲ್ಲ ನಾನೇ ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದೆ. ಅದು ಸುಳ್ಳೆಂದು ಅವರು ಹೇಳಿಲ್ಲ. ಅವರು ಬರೆದಿರುವುದು ಬೇರೆ: ಊರಿನಲ್ಲಿ ವಿಚಾರಿಸಿದಾಗ ಈತ ಗಟ್ಟಿಮುಟ್ಟಾಗಿದ್ದಾನೆಂದು ತಿಳಿದುಬಂತು, ಇವನಿಗೆ ಮೂರ್ಛೆ ಬರುವುದನ್ನು ನೆರೆಯವರು ಯಾರೂ ಕಂಡಿಲ್ಲ, ಹಾಗಾಗಿ ಈಗ ಕಾಯಿಲೆ ಇಲ್ಲವೆಂದು ತಿಳಿಯಬೇಕಾಗಿದೆ.

ಯಾರು ಬಂದಿದ್ದರು, ಯಾರನ್ನು ಕೇಳಿದರು? ನಿಮ್ಮ ನೆರೆಯ ಕಾಸೀಮಬೀಯ ಅಂಗಳದಲ್ಲೇ ಅವನು ಬಿದ್ದಿದ್ದಾನೆ. ಅವನ ಮುಷ್ಟಿಯಲ್ಲಿ ಕಬ್ಬಿಣದ ಕೀಲಿ ಇಟ್ಟು, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವಳು ಆಕೆಯೇ. ಓಣಿಯಲ್ಲಿ ನೋಡದವರಿಲ್ಲ.

ಪಿಂಚಣಿ ಬಂದರೆ ಹುಚ್ಚೀರಪ್ಪನ ಜೊತೆ ಬಾವಿ ತೋಡಲು ಹೋಗುವುದಿಲ್ಲ ಎಂದು ಮಾರೆಪ್ಪ ನನ್ನ ಕೈ ಮುಟ್ಟಿ ಹೇಳಿದ್ದ. ಬರದಿದ್ದರೆ ಏನು ಮಾಡುತ್ತೀ ಎಂದು ನಾನು ಕೇಳಲಿಲ್ಲ. ಬೇಗ ಬರೆ.

ನಿನ್ನ ತಂದೆಯ ತಂಗಿ,
ಪಾರ್ವತೆಮ್ಮ


ಕುಕನೂರು
೧೦ ನವೆಂಬರ್ ೧೯೪೫

ಅತ್ತಿಯವರಿಗೆ,

ಪತ್ರ ಬಂದು ಮುಟ್ಟಿತು. ಅವ್ವನಿಗೆ ಪೂರ್ತಿ ಓದಿ ಹೇಳಿದೆ. ಅಣ್ಣನೂ ಬಾಗಿಲ ಹೊರಗೆ ಕೂತು ಕೇಳಿಸಿಕೊಂಡ. ಅವನು ಇದ್ದದ್ದು ನನಗೆ ಗೊತ್ತಿರಲಿಲ್ಲ.

ದಸರಾ ಹಬ್ಬಕ್ಕಿಂತ ಮೊದಲು ಒಬ್ಬರು ಬಂದಿದ್ದರು. ಧೋತರ, ಕೊಡೆ, ಕೈಯಲ್ಲಿ ಕಾಗದ ಏನೂ ಇರಲಿಲ್ಲ. ಕಾಸೀಮಬೀಯ ಬಳೆ ಅಂಗಡಿಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಮಾತು ತೆಗೆದರಂತೆ. ಆಗಷ್ಟೇ ಕುಷ್ಟಗಿ ಕಡೆಯ ಓಬಳೆಪ್ಪನವರು ತಮ್ಮ ಮಗನಿಗೆ ನನ್ನನ್ನು ನೋಡಿಕೊಂಡು ಹೋಗಿದ್ದರು. ಹೆಣ್ಣು ನೋಡಿ ಹೋದವರು ಆಮೇಲೆ ಗುರುತಿಲ್ಲದ ಒಬ್ಬರನ್ನು ಕಳಿಸಿ ಓಣಿಯಲ್ಲಿ ಮನೆತನ ವಿಚಾರಿಸುವುದು ನಮ್ಮ ಕಡೆ ಇದ್ದದ್ದೇ. ಹಾಗೆ ಕೇಳಲು ಬಂದವರಿಗೆ ಯಾರೂ ಕೆಟ್ಟದ್ದು ಹೇಳುವುದಿಲ್ಲ. ನಾಳೆ ಅವರವರ ಮಕ್ಕಳನ್ನು ಕೇಳಲೂ ಯಾರಾದರೂ ಬರುತ್ತಾರಲ್ಲ.

ಅವರು ಕೇಳಿದರಂತೆ, “ಪಲ್ಟನ್‌ದಾಗಿಂದ ಬಂದಾನಲ್ಲ ಮಾರೆಪ್ಪ, ಹ್ಯಾಂಗದಾನ?”

ಕಾಸೀಮಬೀ, “ಹ್ಯಾಂಗದಾನ ಅಂದ್ರ? ಹೋರಿ ಇದ್ದಾಂಗ ಅದಾನ. ನಿಮ್ಮೂರಾಗ ಅಂಥಾಂವ ಒಬ್ಬ ಇದ್ರ ತೋರಸ್ರಿ, ನೋಡೋಣು.”

“ಬ್ಯಾನಿ ಗೀನಿ?”

“ಬ್ಯಾನಿ ಅವನ್ನ ಕಂಡ್ರ ದಾರಿ ಬಿಟ್ಟು ಹೊಕ್ಕೈತ್ರಿ.”

“ತಲಿ ತಿರಗಿ ಬೀಳೂದು?”

ಆಗ ಹುಚ್ಚೀರಪ್ಪ ಮಾವ ನಡುವೆ ಬಾಯಿ ಹಾಕಿದನಂತೆ. “ಬೀಳೂದಾ? ನಾಳಿ ನನ್ನ ಜೋಡಿ ಬಾವಿಗಿ ಇಳಿಯಾಂವ ಅದಾನ್ರಿ. ಬೀಳೋ ಮಂದೀನ ಕಟಗೊಂಡು ನಾ ಬಾವಿ ತೋಡ್ತೀನೇನು?”

ಅವರು ಹೋದ ಮೇಲೆ ಕಾಸೀಮಬೀ ಓಡಿ ಬಂದು ಅವ್ವನಿಗೆ ಹೇಳಿದಳು, “ಹೊಳಿಯವ್ವಾ, ನಿಮ್ಮ ಬೀಗರ ಕಡಿಯಾಂವ ಬಂದಿದ್ದ. ನಿಮ್ಮ ಮನಿ ಮ್ಯಾಲ ಒಂದು ಧೂಳಿನ ಕಣ ಬೀಳಗೊಟ್ಟಿಲ್ಲ ನೋಡು.” ಅವ್ವ ಆಕೆಯ ಕೈಗೆ ಬೆಲ್ಲ ಕೊಟ್ಟಳು. ಅವತ್ತು ನಮ್ಮ ಮನೆಯಲ್ಲಿ ಎಲ್ಲರೂ ನಗುತ್ತಿದ್ದೆವು.

ಬಂದಿದ್ದವರು ಸರ್ಕಾರದವರೆಂದು ತಿಳಿದಾಗಿನಿಂದ ಕಾಸೀಮಬೀ ನಮ್ಮ ಬಾಗಿಲಿಗೆ ಬರುವುದಿಲ್ಲ. ನಾನು ಹೋದರೆ ಬಳೆಗಳ ಕಡೆ ಮುಖ ಮಾಡಿ ಕೂರುತ್ತಾಳೆ.

ಅಣ್ಣ ಪತ್ರ ಕೇಳಿದ ಮರುದಿನವೇ ಗೌಡರ ಹೊಸ ಬಾವಿಗೆ ಹೋದ. ಊರ ಹೊರಗಿನ ಎರೆಹೊಲದಲ್ಲಿದೆ. ಬುತ್ತಿ ಒಯ್ದಾಗ ಬಗ್ಗಿ ನೋಡಿದೆ. ಅವನು ಕಾಣಲಿಲ್ಲ, ಕಲ್ಲು ಒಡೆಯುವ ಸದ್ದು ಮಾತ್ರ ಕೇಳುತ್ತಿತ್ತು.

ನಿಮ್ಮ
ದುರಗಮ್ಮ


ಗಂಗಾವತಿ
೨೦ ನವೆಂಬರ್ ೧೯೪೫

ದುರಗಮ್ಮ,

ನಿನ್ನ ಪತ್ರ ಓದಿ ಮೊದಲು ನಗು ಬಂತು. ಹೋರಿ ಇದ್ದಾಂಗ ಅದಾನ ಎನ್ನುವ ಮಾತು ಸರ್ಕಾರದ ಇಂಗ್ಲಿಷಿನಲ್ಲಿ “ದೃಢಕಾಯ” ಎನ್ನುವ ಅರ್ಥದ ಮಾತಾಗಿ ಬಂದಿದೆ. ಆಮೇಲೆ ಆ ಬಾವಿ ನೆನಪಾಯಿತು.

ಕಾಸೀಮಬೀಯ ಮೇಲೆ ಸಿಟ್ಟು ಬೇಡ. ಆಕೆಯ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆನೋ ಏನೋ. ನಾನು ಬೋರ್ಡಿಂಗ್ ಶಾಲೆಯಲ್ಲಿ ಕಲಿತವಳು, ನಿಜವನ್ನೇ ಹೇಳಬೇಕೆಂದು ಮಕ್ಕಳಿಗೆ ಪಾಠ ಹೇಳುವವಳು. ಆದರೂ ಒಬ್ಬ ಹುಡುಗಿಯ ಲಗ್ನದ ಮಾತು ನಡೆದಿರುವಾಗ ಬಾಯಿಂದ ಏನು ಬರುತ್ತಿತ್ತೋ ಹೇಳಲಾರೆ.

ಮೇಲಿನ ಕಚೇರಿಗೆ ಅಪೀಲು ಮಾಡಿಕೊಳ್ಳಲು ಜನವರಿ ಕೊನೆಯವರೆಗೆ ಅವಕಾಶವಿದೆ. ಅಪೀಲನ್ನು ನಾನು ಬರೆಯುತ್ತೇನೆ. ಆದರೆ ಊರವರ ಮಾತಿನಿಂದ ಮುಚ್ಚಿದ ಬಾಗಿಲನ್ನು ಊರವರ ಮಾತೇ ತೆರೆಯಬೇಕು. ಮತ್ತೊಮ್ಮೆ ವಿಚಾರಣೆಗೆ ಬಂದರೆ ಚಾವಡಿಯಲ್ಲಿ ಎಲ್ಲರ ಎದುರಿಗೇ ಕೇಳುತ್ತಾರೆ. ಅಲ್ಲಿ ಯಾರಾದರೂ, ಹೌದು, ಈ ಹುಡುಗ ಬೀಳುತ್ತಾನೆ, ನಾವು ಕಂಡಿದ್ದೇವೆ ಎನ್ನಬೇಕು. ಆ ಮಾತು ಸಂಜೆಯೊಳಗೆ ಕುಷ್ಟಗಿ ಮುಟ್ಟುತ್ತದೆ. ಅಣ್ಣನಿಗೆ ಮೂರ್ಛೆ ಇದ್ದರೆ ತಂಗಿಯ ಹೊಟ್ಟೆಯಲ್ಲೂ ಇರುತ್ತದೆಂದು ತಿಳಿಯುವ ಜನ ನಾವು. ನಾನು ಏನು ಕೇಳುತ್ತಿದ್ದೇನೆಂದು ನನಗೆ ಗೊತ್ತಿದೆ.

ಅತ್ತಿಗೆಗೆ ಇದನ್ನು ಓದಿ ಹೇಳು. ಅಲ್ಲಿಯವರೆಗೆ ಅವನ ಸೊಂಟಕ್ಕೆ ಬೇರೊಂದು ಹಗ್ಗ ಕಟ್ಟದೆ ಇಳಿಸಬಾರದೆಂದು ಹುಚ್ಚೀರಪ್ಪನಿಗೆ ನಾನು ಹೇಳಿದ್ದೇನೆಂದು ತಿಳಿಸು.

ಪಾರ್ವತೆಮ್ಮ


ಕುಕನೂರು
೯ ಡಿಸೆಂಬರ್ ೧೯೪೫

ಅತ್ತಿಯವರಿಗೆ,

ಅವ್ವ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ.

“ಪಾರ್ವತಿ, ನೀ ಶಾಣ್ಯಾಕಿ, ನಿನಗ ನಾ ಏನು ಹೇಳ್ಲಿ. ಯುಗಾದಿ ಆದ ಮ್ಯಾಲ ಲಗ್ನ ಅಂತ ಓಬಳೆಪ್ಪ ಹೇಳಿ ಕಳಿಸ್ಯಾನ. ಅಲ್ಲೀತನ ಬಾಯಿ ಮುಚ್ಚಿಗೊಂಡು ಇರೋಣು. ಹುಡುಗಿ ಕೊಳ್ಳಾಗ ತಾಳಿ ಬೀಳಲಿ, ಆಮ್ಯಾಲ ನಾನಽ ಚಾವಡ್ಯಾಗ ನಿಂತು ಹೇಳ್ತೀನಿ. ನಿನಗ ಮಕ್ಕಳಿಲ್ಲ, ನಿನಗ ತಿಳಿಯಂಗಿಲ್ಲ ಅಂತ ನಾ ಅನ್ನಂಗಿಲ್ಲ. ಖರೆ ನಿನಗ ಇಬ್ಬರ ನಡುವ ಒಬ್ಬರ್ನ ಆರಿಸೂದು ಬಂದಿಲ್ಲ.”

ಕೊನೆಯ ಮಾತು ಬರೆಯಬೇಡವೇ ಎಂದು ಕೇಳಿದೆ. ಬರಿ ಅಂದಳು.

ಇನ್ನು ಕೆಳಗಿನದು ನನ್ನದು. ಅವ್ವ ನೀರಿಗೆ ಹೋಗಿದ್ದಾಳೆ.

ಬಾವಿ ಕೆಲಸದಲ್ಲಿ ಮೇಲೆ ಹಗ್ಗ ಹಿಡಿದವನು ಆಗಾಗ ಕೂಗಬೇಕು, ಕೆಳಗಿನವನು ಓಗೊಡಬೇಕು. ಹುಚ್ಚೀರಪ್ಪ ಮಾವ, “ಏ ಮಾರ್ಯಾ, ಸತ್ತೀಯೇನಲೇ?” ಎನ್ನುತ್ತಾನೆ. ಅಣ್ಣ ಕೆಳಗಿನಿಂದ, “ನಿನ್ನ ಮಣ್ಣು ಮಾಡಿ ಸಾಯ್ತೀನಿ ಮಾವಾ” ಎನ್ನುತ್ತಾನೆ. ಮೇಲಿದ್ದವರೆಲ್ಲ ನಗುತ್ತಾರೆ. ದಿನವೂ ಅದೇ ಮಾತು.

ಮಂಗಳವಾರ ಬುತ್ತಿ ಇಟ್ಟುಕೊಂಡು ನಾನು ಬಾವಿಯ ಹತ್ತಿರ ನಿಂತಿದ್ದೆ. ಮಾವ ಕೂಗಿದ. ಕೆಳಗಿನಿಂದ ಮಾತು ಬರಲಿಲ್ಲ. “ಎಲೆಡಿಕಿ ಹಾಕ್ಕೊಂಡಿರಬೇಕು” ಎಂದು ಮಾವ ನಕ್ಕ. ಮತ್ತೆ ಕೂಗಿದ. ಆಗ ಅವನ ಮುಖದ ಮೇಲೆ ನಗು ಹಾಗೇ ಇತ್ತು, ಕಣ್ಣುಗಳು ಮಾತ್ರ ಬೇರೆ ಆದವು. ಎಲ್ಲರೂ ಸೇರಿ ಸೊಂಟದ ಹಗ್ಗ ಎಳೆದರು. ನಾನೂ ಎಳೆದೆ. ಅಣ್ಣ ಗೋಡೆಗೆ ಬಡಿಯುತ್ತ ಬಡಿಯುತ್ತ ಮೇಲೆ ಬಂದ. ಬಾಯಲ್ಲಿ ನೊರೆ, ಮೊಣಕಾಲಿನ ಚರ್ಮ ಸುಲಿದಿತ್ತು. ಉಸಿರು ಇತ್ತು.

ಮಾವ ಸುತ್ತಲಿದ್ದವರನ್ನು ನೋಡಿ, “ಕಲ್ಲು ತಾಗೇತಿ. ಕಲ್ಲು ತಾಗಿದ್ದು. ತಿಳೀತಿಲ್ಲೋ?” ಅಂದ. ಎಲ್ಲರೂ ತಲೆ ಆಡಿಸಿದರು.

ಅಣ್ಣನಿಗೆ ಎಚ್ಚರವಾದ ಮೇಲೆ ನನ್ನನ್ನು ನೋಡಿ, “ಅವ್ವಗ ಹೇಳಿದಿ ಅಂದ್ರ ನಿನ್ನ ಲಗ್ನದಾಗ ನಾ ಕುಣಿಯಂಗಿಲ್ಲ ನೋಡು” ಅಂದ. ಮರುದಿನ ಮತ್ತೆ ಇಳಿದ. ಅತ್ತಿ, ಆ ಹಗ್ಗ ನೀವು ಹೇಳಿ ಕಟ್ಟಿಸಿದ್ದು.

ದುರಗಮ್ಮ


ಗಂಗಾವತಿ
೨೮ ಡಿಸೆಂಬರ್ ೧೯೪೫

ದುರಗಮ್ಮ,

ನಿನ್ನ ಪತ್ರ ಬಂದಾಗಿನಿಂದ ಪಾಠ ಹೇಳುತ್ತ ಹೇಳುತ್ತ ನಡುವೆ ನಿಂತುಬಿಡುತ್ತೇನೆ. ಮಕ್ಕಳು ಉತ್ತರ ಕೊಡಲು ತಡ ಮಾಡಿದರೆ ಹೆಸರು ಹಿಡಿದು ಎರಡೆರಡು ಸಲ ಕೂಗುತ್ತೇನೆ.

ಕ್ರಿಸ್ಮಸ್ ರಜೆಯಲ್ಲಿ ಮೋಟಾರು ಹಿಡಿದು ಕೊಪ್ಪಳಕ್ಕೆ ಹೋಗಿದ್ದೆ. ನಿಮ್ಮ ಕಡೆಯ ವಿಚಾರಣೆ ಯಲಬುರ್ಗಾ ತಹಸೀಲಿನ ಕಂದಾಯದ ಗಿರ್ದಾವರ ಜಿಲಾನಸಾಬರದು. ಅವರು ಯಾವುದೋ ಕೆಲಸಕ್ಕೆ ಅಲ್ಲಿಗೆ ಬರುವವರಿದ್ದರು. ವಯಸ್ಸಾದ ಮನುಷ್ಯ, ಮಾತು ಮೆತ್ತಗೆ. ನಾನು ಎಲ್ಲ ಹೇಳಿದೆ. ಮದುವೆಯ ಮಾತನ್ನೂ ಹೇಳಿದೆ.

“ಅಕ್ಕೋರ, ನನ್ನ ಕಾರಕೂನ ಹೋಗಿದ್ದ. ಓಣಿಗಿ ಓಣೀನಽ ಛಲೋ ಅಂದ್ರ ಅಂವ ಏನು ಬರೀಬೇಕು? ನಾ ಬಂದು ಚಾವಡ್ಯಾಗ ಕೇಳ್ತೀನಿ. ಮನಿಯವರ ಮಾತು ನಡೆಯಂಗಿಲ್ಲ. ನೆಂಟರು, ಸಂಬಂಧಿಕರು, ಅವರ ಮಾತೂ ನಡೆಯಂಗಿಲ್ಲ. ಹೊರಗಿನ ಮನಶ್ಯಾ ಒಬ್ಬ, ಕಣ್ಣಿಲೆ ನೋಡಿದಾಂವ, ಹೇಳಬೇಕು” ಎಂದರು.

“ಮದುವೆ ಮುಗಿದ ಮೇಲೆ ಬಂದರೆ?”

“ತಾರೀಖು ಮೀರತೈತ್ರಿ. ಆಮ್ಯಾಲ ನಿಮ್ಮ ಅಪೀಲು ಯಾರೂ ತಗೊಳ್ಳಂಗಿಲ್ಲ.”

ಹೊರಡುವಾಗ ಅವರು ಇನ್ನೊಂದು ಮಾತು ಕೇಳಿದರು. “ಆ ಹುಡುಗಿ ಏನಂತಾಳ?”

ದುರಗಮ್ಮ, ನಿನ್ನ ಅವ್ವನನ್ನು ಕೇಳುವ ಮೊದಲು ನಿನ್ನನ್ನು ಕೇಳಬೇಕಿತ್ತು. ನೀನು ಬರೆಯುವ ಕೈ, ನಾನು ಓದುವ ಕಣ್ಣು, ನಡುವೆ ಅತ್ತಿಗೆಯ ಮಾತು ಎಂದುಕೊಂಡಿದ್ದೆ. ಈಗ ಕೇಳುತ್ತಿದ್ದೇನೆ. ಬೇಡವೆಂದರೆ ಬೇಡ. ನಾನು ಯಾರಿಗೂ ಹೇಳುವುದಿಲ್ಲ.

ಪಾರ್ವತೆಮ್ಮ


ಕುಕನೂರು
೬ ಜನವರಿ ೧೯೪೬

ಅತ್ತಿಯವರಿಗೆ,

ಈ ಪತ್ರ ಅವ್ವ ಬರೆಸಿದ್ದಲ್ಲ.

ಅಪೀಲು ಕಳಿಸಿರಿ.

ಓಬಳೆಪ್ಪನವರ ಹುಡುಗನನ್ನು ನಾನು ಒಂದೇ ಸಲ ನೋಡಿದ್ದು. ಅವರು ಹೊರಡುವಾಗ ಗಾಡಿಯ ಗಾಲಿ ಹಿಡಿಯುವ ಕಡಾಣಿ ಕಳಚಿ ಬಿದ್ದಿತ್ತು. ಅದನ್ನು ಹುಡುಕಲು ಎಲ್ಲರಿಗಿಂತ ಮೊದಲು ಮಣ್ಣಿನಲ್ಲಿ ಮೊಣಕಾಲು ಊರಿದವನು ಅವನೇ. ಹೊಸ ಧೋತರ ಉಟ್ಟಿದ್ದ. ಅದು ಕೊಳೆಯಾದುದಕ್ಕೆ ಅವನೇ ನಕ್ಕ. ಅಷ್ಟೇ ನನಗೆ ಗೊತ್ತಿರುವುದು.

ವಿಚಾರಣೆಯ ದಿನ ಗೊತ್ತಾದ ಕೂಡಲೇ ಓಬಳೆಪ್ಪನವರಿಗೆ ಹೇಳಿ ಕಳಿಸುತ್ತೇನೆ. ಅವರ ಊರಿನ ಗಾಡಿಗಳು ಇಲ್ಲಿಯ ಸಂತೆಗೆ ಬರುತ್ತವೆ. ಬೇರೆಯವರ ಬಾಯಿಂದ ಬಣ್ಣ ಹಚ್ಚಿಕೊಂಡು ಹೋಗುವುದಕ್ಕಿಂತ ಅವರೇ ಬಂದು ನಮ್ಮ ಬಾಯಿಂದ ಕೇಳಲಿ. ಅವ್ವನಿಗೆ ತಿಳಿಸಬೇಡಿರಿ. ನನಗೆ ಭಾಳ ಹೆದರಿಕೆಯಾಗುತ್ತದೆ, ಆದರೆ ಆ ಬಾವಿಯ ಹತ್ತಿರ ನಿಂತಾಗಿನಷ್ಟು ಆಗುವುದಿಲ್ಲ.

ದುರಗಮ್ಮ


ಗಂಗಾವತಿ
೩೦ ಜನವರಿ ೧೯೪೬

ದುರಗಮ್ಮ,

ಅಪೀಲು ಹೋಗಿದೆ. ಕೊನೆಯ ಗಳಿಗೆಯವರೆಗೂ ಅದನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ನೀನು ಒಪ್ಪಿದ್ದು ನಿನ್ನ ಮನಸ್ಸಿನಿಂದಲೋ, ನಾನು ಕೇಳಿದ ರೀತಿಯಿಂದಲೋ ಎಂದು ಯೋಚಿಸುತ್ತಿದ್ದೆ. ಅಂಚೆಯವನು ಬಂದ, ಕೊಟ್ಟೆ.

ಜಿಲಾನಸಾಬರು ಫೆಬ್ರವರಿ ಇಪ್ಪತ್ತೊಂದರಂದು ಬರುತ್ತಾರಂತೆ. ಅದೇ ವಾರ ನಮ್ಮ ಶಾಲೆಗೆ ಇನ್‌ಸ್ಪೆಕ್ಟರು ಬರುವುದರಿಂದ ನನಗೆ ರಜೆ ಕೊಡುವುದಿಲ್ಲ ಎಂದರು. ನಾನು ಇರದಿರುವುದೇ ಒಳ್ಳೆಯದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅದನ್ನು ನಂಬಿದ್ದೇನೆಂದಲ್ಲ.

ಪಾರ್ವತೆಮ್ಮ


ಕುಕನೂರು
೨೪ ಫೆಬ್ರವರಿ ೧೯೪೬

ಅತ್ತಿಯವರಿಗೆ,

ತಳವಾರ ಬಂದು ಚಾವಡಿಗೆ ಕರೆದಾಗಲೇ ಅವ್ವನಿಗೆ ಗೊತ್ತಾದದ್ದು. ನನ್ನ ಕಡೆ ನೋಡಿದಳು. ಅಂದಿನಿಂದ ನನ್ನೊಡನೆ ಮಾತಾಡಿಲ್ಲ.

ಚಾವಡಿ ತುಂಬಿತ್ತು. ಜಿಲಾನಸಾಬರು ಮೊದಲು ಹುಚ್ಚೀರಪ್ಪ ಮಾವನನ್ನು ಕರೆದರು; ಅವನು ಬಾಯಿಮಾತಿನ ಮಾವನಷ್ಟೇ, ನೆಂಟನಲ್ಲವಲ್ಲ. ಅವನು ಬೆವರಿದ್ದ.

“ಬಾವಿಗಿ ಇಳೀತಾನ್ರಿ ಸಾಹೇಬ್ರ. ರೋಗ ಇದ್ರ ಇಳೀತಿದ್ದನೇನ್ರಿ?”

“ಒಮ್ಮಿ ಮ್ಯಾಲ ಎಳಕೊಂಡ್ರಿ ಅಂತ ಕೇಳೀನಿ?”

“ಕಲ್ಲು ತಾಗಿದ್ದು ಖರೇರಿ. ಕಲ್ಲು ಅಂದ ಮ್ಯಾಲ ತಾಗತೈತಿ, ಅದರ ಧರ್ಮಾ ಅದು.”

ಕೆಲವರು ನಕ್ಕರು. ಆಮೇಲೆ ಕಾಸೀಮಬೀ. ಆಕೆ ಸಾಹೇಬರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಹೇಳು ಎಂದು ನಾನು ಕಣ್ಣಿನಲ್ಲೇ ಹೇಳಿದೆ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಹುಡುಗ ಛಲೋ ಅದಾನ್ರಿ” ಎಂದು ಕೂತುಬಿಟ್ಟಳು. ಹೊರಗಿನ ಬೇವಿನ ಗಿಡದ ಕೆಳಗೆ ಓಬಳೆಪ್ಪನವರು ಬಂದು ನಿಂತದ್ದನ್ನು ಆಕೆ ಕಂಡಿದ್ದಳು. ಎಲ್ಲರೂ ಕಂಡಿದ್ದರು. ನನ್ನನ್ನು ಉಳಿಸಲು ಇಡೀ ಓಣಿ ಅಣ್ಣನನ್ನು ಗಟ್ಟಿಮುಟ್ಟು ಮಾಡುತ್ತಿತ್ತು.

ನಾನು ಎದ್ದೆ. “ನಾ ಹೇಳ್ತೀನ್ರಿ.”

“ನೀ ಯಾರವಾ?”

“ತಂಗಿ ಅದೀನ್ರಿ.”

“ಮನಿಯಾಕಿ ಮಾತು ಬರಕೊಳ್ಳಾಕ ಬರಂಗಿಲ್ಲವಾ.”

ಬರೆದುಕೊಳ್ಳದಿದ್ದರೂ ಹೇಳಿದೆ. ಅಂಗಳದಲ್ಲಿ ಬಿದ್ದದ್ದು, ಬಾವಿಯಲ್ಲಿ ಓಗೊಡದೆ ಇದ್ದದ್ದು, ಎಲ್ಲ. ನನ್ನ ದನಿ ನನ್ನದಲ್ಲ ಅನ್ನಿಸುತ್ತಿತ್ತು. ಅಣ್ಣ ಗೋಡೆ ಕಡೆ ಮುಖ ಮಾಡಿ ಕೂತಿದ್ದ. ಸಾಹೇಬರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಒಂದು ಅಕ್ಷರವನ್ನೂ ಬರೆಯಲಿಲ್ಲ.

ಆಗ ಓಬಳೆಪ್ಪನವರು ಮೆಟ್ಟು ಹೊರಗೆ ಬಿಟ್ಟು ಒಳಗೆ ಬಂದರು.

“ನಾ ನೋಡೀನ್ರಿ.”

“ಯಾವೂರಾಂವ ನೀ?”

“ಕುಷ್ಟಗಿ ಕಡಿಯಾಂವ್ರಿ. ಓಬಳೆಪ್ಪ ಅಂತಾರ.”

“ಇವರಿಗಿ ಏನಾಗಬೇಕು?”

ಅವರು ಅವ್ವನ ಕಡೆ ನೋಡಿದರು. ಅವ್ವ ನೆಲ ನೋಡುತ್ತಿದ್ದಳು.

“ಏನೂ ಆಗಬೇಕಾಗಿಲ್ರಿ.”

“ಸಂಬಂಧ?”

“ಇಲ್ರಿ.”

“ಹಂಗಂತ ಬರಕೊಳ್ಳಲ್ಯಾ?”

“ಬರಕೋರಿ.”

ಸಾಹೇಬರು ಬರೆದುಕೊಂಡರು. ಪೆನ್ನಿನ ಸದ್ದು ನನಗೆ ಕೇಳಿಸುತ್ತಿತ್ತು. ಆಮೇಲೆ ಓಬಳೆಪ್ಪನವರು ಹೇಳಿದರು: ಶ್ರಾವಣದಲ್ಲಿ ಒಂದು ಕೆಲಸಕ್ಕೆ ಈ ಮನೆಗೆ ಬಂದಿದ್ದೆ, ಊಟಕ್ಕೆ ಮೊದಲು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಈ ಹುಡುಗ ದನದ ಕೊಟ್ಟಿಗೆಯ ಹಿಂದೆ ಬಿದ್ದು ಒದ್ದಾಡುತ್ತಿದ್ದ, ಉಡದಾರದ ಕೀಲಿಕೈ ಬಿಚ್ಚಿ ಅವನ ಮುಷ್ಟಿಯಲ್ಲಿಟ್ಟು ಎಚ್ಚರವಾಗುವವರೆಗೆ ಕೂತಿದ್ದೆ. “ನೀವು ನೋಡಿದ್ದು ಮನಿ ಮಂದಿಗಿ ಹೇಳಬ್ಯಾಡ್ರಿ ಅಂತ ಹುಡುಗ ಕೈ ಮುಗದ. ಹೇಳಿಲ್ರಿ. ಹೋಗಿ ಊಟಾ ಮಾಡಿದೆ.”

ಅತ್ತಿ, ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಯುಗಾದಿ ಆದ ಮೇಲೆ ಲಗ್ನ ಎಂದು ಹೇಳಿ ಕಳಿಸಿದ್ದರು.

ಹೆಬ್ಬೆಟ್ಟು ಒತ್ತಿ ಹೊರಗೆ ಬಂದರು. ಅವ್ವ ದಾರಿಯಲ್ಲಿ ನಿಂತು ನೀರಾದರೂ ಕುಡಿದು ಹೋಗಿರಿ ಎಂದಳು. “ಈಗ ಬ್ಯಾಡ್ರೆವ್ವ” ಎಂದು ಗಾಡಿ ಹತ್ತಿದರು. ಸಂಬಂಧ ಇಲ್ಲ ಎಂದು ಅವರು ಹೇಳಿದ್ದು ಸಾಹೇಬರಿಗಾಗಿ ಹೇಳಿದ್ದೋ, ನಮಗೇ ಹೇಳಿದ್ದೋ, ಓಣಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮೂರ್ಛೆಯ ಮಾತು ಬರಹಕ್ಕೆ ಬಂದ ಮೇಲೆ ಹುಚ್ಚೀರಪ್ಪ ಮಾವ ಅಣ್ಣನನ್ನು ಬಾವಿಗೆ ಇಳಿಸುವುದಿಲ್ಲ ಎಂದ. ನಿನ್ನೆ ಬೆಳಿಗ್ಗೆ ಅಣ್ಣ ತನ್ನ ಗುದ್ದಲಿ ತೆಗೆದುಕೊಂಡು ಹೊರಟುಹೋಗಿದ್ದಾನೆ. ಯಲಬುರ್ಗಾ ಆಚೆ ಬೇರೆ ಬಾವಿಯವರ ಜೊತೆ ಸೇರಿದ್ದಾನಂತೆ. ಅಲ್ಲಿ ಅವನ ಗುರುತು ಯಾರಿಗೂ ಇಲ್ಲ. ಸೊಂಟಕ್ಕೆ ಎರಡನೆಯ ಹಗ್ಗ ಕಟ್ಟು ಎಂದು ಅವರಿಗೆ ಯಾರು ಹೇಳುತ್ತಾರೆ?

ದುರಗಮ್ಮ


ಗಂಗಾವತಿ
೧೮ ಜೂನ್ ೧೯೪೬

ದುರಗಮ್ಮ,

ಪಿಂಚಣಿ ಮಂಜೂರಾಗಿದೆ. ಆರ್ಡರು ನನ್ನ ಕೈಯಲ್ಲಿದೆ. ಈ ಪತ್ರ ಸಿಕ್ಕ ಕೂಡಲೇ ಮಾರೆಪ್ಪ ಎಲ್ಲಿದ್ದರೂ ಮನೆಗೆ ಕರೆಸು. ಹುಚ್ಚೀರಪ್ಪನೇ ಹೋಗಿ ಕರೆತರಲಿ.

ಈ ನಾಲ್ಕು ತಿಂಗಳು ನಿನ್ನ ಪತ್ರ ಬಂದಾಗಲೆಲ್ಲ ಮೊದಲು ಕೊನೆಯ ಸಾಲು ನೋಡಿ ಆಮೇಲೆ ಮೇಲಿನಿಂದ ಓದುತ್ತಿದ್ದೆ. ಪ್ರತಿ ಪತ್ರದಲ್ಲೂ ಅಣ್ಣ ಬದುಕಿದ್ದಾನೆ ಎಂದು ನೀನು ಬರೆದಿದ್ದೆ. ಯುಗಾದಿ ಬಂದು ಹೋಯಿತು. ಮತ್ತೊಂದು ವಿಷಯವನ್ನು ನೀನು ಬರೆಯಲಿಲ್ಲ, ನಾನು ಕೇಳಲಿಲ್ಲ.

ಈಗ ಬರೆಯಬೇಕಾದುದನ್ನು ಬರೆಯುತ್ತೇನೆ. ಪಿಂಚಣಿ ಎರಡು ವರ್ಷಕ್ಕೆ ಮಾತ್ರ. ಆಮೇಲೆ ಮತ್ತೆ ವೈದ್ಯರು ನೋಡುತ್ತಾರೆ, ಮತ್ತೆ ಊರಿನಲ್ಲಿ ಕೇಳುತ್ತಾರೆ. ಆರ್ಡರಿನಲ್ಲಿ ಒಂದು ಸಾಲಿದೆ: “ಕುಟುಂಬಕ್ಕೆ ಯಾವ ಸಂಬಂಧವೂ ಇಲ್ಲದ ಸಾಕ್ಷಿಯ ಹೇಳಿಕೆಯನ್ನು ನಂಬಿ.” ಅವರು ನಂಬಿರುವುದು ಓಬಳೆಪ್ಪನವರೊಬ್ಬರನ್ನೇ. ನಾಳೆ ಅವರು ನಿಮ್ಮ ಬೀಗರೆಂದು ಯಾರಾದರೂ ಒಂದು ಅರ್ಜಿ ಹಾಕಿದರೆ ಏನಾಗುತ್ತದೆ? ಏನೂ ಆಗಲಿಕ್ಕಿಲ್ಲ. ಆದರೆ ಆಗುವುದಿಲ್ಲ ಎಂದು ಬರೆದು ಕೊಡುವ ಧೈರ್ಯ ನನಗಿಲ್ಲ. ಕಾಸೀಮಬೀ ಒಳ್ಳೆಯ ಮಾತು ಹೇಳಿದಾಗಲೂ ಏನೂ ಆಗುವುದಿಲ್ಲವೆಂದೇ ನಿಮ್ಮ ಮನೆಯಲ್ಲಿ ನಕ್ಕಿದ್ದಿರಿ.

ಇದನ್ನು ಬರೆಯದೆ ಬಿಡಬಹುದಿತ್ತು. ಬಿಟ್ಟರೆ ನಾಳೆ ಪಿಂಚಣಿ ನಿಂತಾಗ ನನ್ನ ಮುಖ ನೋಡಿಕೊಳ್ಳಲಾರೆ. ಬರೆದರೆ ನಿನ್ನ ಮುಖ ನೋಡಲಾರೆ. ಇಬ್ಬರ ನಡುವೆ ಒಬ್ಬರನ್ನು ಆರಿಸುವುದು ನನಗೆ ಬಂದಿಲ್ಲವೆಂದು ಅತ್ತಿಗೆ ಹೇಳಿದ್ದರು. ಈಗ ಬಂದಿದೆಯೆಂದು ಅವರಿಗೆ ಹೇಳು. ಅಥವಾ ಹೇಳಬೇಡ.

ಪಾರ್ವತೆಮ್ಮ


ಕುಕನೂರು
೭ ಜುಲೈ ೧೯೪೬

ಅತ್ತಿಯವರಿಗೆ,

ಅಣ್ಣ ಮನೆಗೆ ಬಂದಿದ್ದಾನೆ. ಸೊರಗಿದ್ದಾನೆ. ಹಣೆಯ ಮೇಲೆ ಹೊಸ ಗಾಯವಿದೆ, ಹೇಗಾಯಿತೆಂದು ಹೇಳುವುದಿಲ್ಲ. ಹುಚ್ಚೀರಪ್ಪ ಮಾವ ಹೋದಾಗ ಅವನು ಕೆಳಗಿದ್ದನಂತೆ, ಸೊಂಟಕ್ಕೆ ಏನೂ ಇರಲಿಲ್ಲವಂತೆ. ಮಾವ ಬಾವಿಯ ಬಾಯಲ್ಲಿ ಬೋರಲಾಗಿ ಮಲಗಿ, ಅವನು ಮೇಲೆ ಬರುವವರೆಗೂ ಒಂದೇ ಸಮನೆ ಮಾತಾಡಿಸುತ್ತಿದ್ದನಂತೆ.

ನಿಮ್ಮ ಪತ್ರವನ್ನು ಅವ್ವನಿಗೆ ಪೂರ್ತಿ ಓದಿದೆ. ಫೆಬ್ರವರಿಯ ನಂತರ ಮೊದಲ ಸಲ ನನ್ನ ತಲೆಗೆ ಎಣ್ಣೆ ಹಚ್ಚಿದಳು.

ನಿನ್ನೆ ಓಬಳೆಪ್ಪನವರು ಬಂದರು. ಒಬ್ಬರೇ. ಒಳಗೆ ಬರಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂತರು. ಪಿಂಚಣಿಯ ಸುದ್ದಿ ಅವರಿಗೆ ತಿಳಿದಿತ್ತು. ಎರಡು ವರ್ಷದ ಮಾತನ್ನು ಅವ್ವ ಹೇಳಿದಳು.

ಅವರು, “ಅವ್ವಾ, ಅವತ್ತು ನಾ ಸುಳ್ಳು ಹೇಳಿಲ್ಲ. ಅವತ್ತು ನಾವು ಬೀಗರು ಆಗಿದ್ದಿಲ್ಲ. ಈಗ ಆದ್ರ ಅವತ್ತಿನ ಮಾತು ಸುಳ್ಳು ಆಕ್ಕೈತಿ. ನಿಮ್ಮ ಹುಡುಗನ ಅನ್ನ ಹೊಕ್ಕೈತಿ. ಅದಕ್ಕಽ ಇಷ್ಟು ದಿನ ಈ ಕಡಿ ಬಂದಿಲ್ಲ” ಅಂದರು.

“ಮತ್ತ ನಮ್ಮ ಹುಡುಗಿ?” ಅವ್ವ ಕೇಳಿದಳು.

“ನಮ್ಮ ಹುಡುಗ ಕಾಯ್ತೀನಿ ಅಂತಾನ. ಎರಡು ವರ್ಷಕ್ಕ ಮತ್ತ ಕೇಳಾಕ ಬರ್ತಾರಲ್ಲ, ಅದು ಮುಗೀಲಿ ಅಂತಾನ. ಆಮ್ಯಾಲಿಂದು ನನಗೂ ಗೊತ್ತಿಲ್ಲ. ಹೆಣ್ಣು ಮಗಳ್ನ ಕುಂದರಿಸಿಕೊಂಡು ಕಾಯ್ರಿ ಅನ್ನಾಕ ನನಗ ಬಾಯಿಲ್ಲ.”

ಆಗ ಅಣ್ಣ ಒಳಗಿನಿಂದ ಬಂದ. ಹೆಗಲ ಮೇಲೆ ಗುದ್ದಲಿ ಇತ್ತು.

“ಯಾರೂ ಕಾಯೂದು ಬ್ಯಾಡ್ರಿ. ಆ ರೊಕ್ಕ ವಾಪಸ್ ಕಳಿಸ್ತೀನಿ. ಈ ಶ್ರಾವಣದಾಗಽ ಲಗ್ನಾ ಇಟಗೋರಿ. ನನಗ ಕೆಲಸ ಬರ್ತೈತಿ.”

“ಏ, ಕುಂದರೋ” ಅಂದರು ಓಬಳೆಪ್ಪನವರು.

“ಕುಂತು ಕುಂತು ಸಾಯೂದಕ್ಕಿಂತ ಇಳದು ಸಾಯೂದು ಛಲೋರಿ” ಎಂದು ಅಣ್ಣ ಕಟ್ಟೆ ಇಳಿದ. ಅವನು ನಗುತ್ತಿದ್ದ. ಅವ್ವ ಕೈ ಚಾಚಿದಳು, ಸಿಗಲಿಲ್ಲ. ಅವನ ಕಾಲುಗಳು ಊರ ಹೊರಗಿನ ದಾರಿಯ ಕಡೆ ತಿರುಗಿದ್ದವು.

“ನಾ ಕಾಯ್ತೀನ್ರಿ” ಅಂದೆ.

ಓಣಿಯೆಲ್ಲ ಕೇಳುವ ಹಾಗೆ ಅಂದುಬಿಟ್ಟೆ. ಕಾಸೀಮಬೀ ತನ್ನ ಅಂಗಡಿಯಿಂದ ಎದ್ದು ನಿಂತಳು. ಅಣ್ಣ ನಿಂತ. ಅವನ ಹೆಗಲಿನಿಂದ ಗುದ್ದಲಿಯನ್ನು ಓಬಳೆಪ್ಪನವರೇ ಇಳಿಸಿಕೊಂಡರು. ಆಮೇಲೆ ಅವ್ವ ಮಜ್ಜಿಗೆ ತಂದುಕೊಟ್ಟಳು, ಅವರು ಕುಡಿದರು. ಹೋಗುವಾಗ ನನ್ನ ತಲೆಯ ಮೇಲೆ ಕೈ ಇಟ್ಟು, “ನಮ್ಮ ಹುಡುಗನಿಗಿ ಹೇಳ್ತೀನಿ” ಅಂದರು.

ಊರಿನಲ್ಲಿ ಎಲ್ಲರೂ ನನ್ನನ್ನು ಗಟ್ಟಿಗಿತ್ತಿ ಅನ್ನುತ್ತಿದ್ದಾರೆ. ಅತ್ತಿ, ನಿಮಗಾದರೂ ನಿಜ ಹೇಳಬೇಕು. ಆ ಹುಡುಗನನ್ನು ನೆನೆದು ನಾನು ಆ ಮಾತು ಆಡಲಿಲ್ಲ. ಅಣ್ಣನ ಕಾಲು ತಿರುಗಿದ್ದನ್ನು ನೋಡಿ, ಹೆದರಿ ಅಂದೆ. ಅವರು ಅದನ್ನು ಒಪ್ಪಿಗೆ ಎಂದು ತೆಗೆದುಕೊಂಡು ಹೋದರು. ಅದು ಒಪ್ಪಿಗೆಯೇ ಇದ್ದರೂ ಇರಬಹುದು. ಎರಡು ವರ್ಷ ಕಳೆದ ಮೇಲೆ ಬರೆಯುತ್ತೇನೆ.

ನಿಮ್ಮ
ದುರಗಮ್ಮ